ಕ್ರೀಡಾ ಕಾರುಗಳ ಕ್ಲಚ್: ಸವೆತದ ಲೆಕ್ಕ ಮತ್ತು ಹೊಂದಾಣಿಕೆಯ ಬೆಲೆ

ಬಳಸಿದ ಕಾರನ್ನು ಕೊಳ್ಳಲು ಬರುವ ಗ್ರಾಹಕನು ಬೆಲೆ ಎಷ್ಟು, ಎಷ್ಟು ಕಿಲೋಮೀಟರ್ ಓಡಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳುವುದು ಲೋಕರೂಢಿ. ಆದರೆ ಸ್ಟೀರಿಂಗ್ ಚಕ್ರದ ಹಿಂದಿರುವ ಪಟ್ಟಿಗಳಿಂದ ಗೇರ್ ಬದಲಾಯಿಸುವ ಹಳೆಯ ಫೆರಾರಿ ಕಾರುಗಳ ಮಾರುಕಟ್ಟೆಯಲ್ಲಿ ಮೂರನೆಯ ಪ್ರಶ್ನೆಯೊಂದು ಕಡ್ಡಾಯವಾಗಿದೆ: ಕ್ಲಚ್ ಶೇಕಡಾ ಎಷ್ಟು ಸವೆದಿದೆ? ಈ ಅಂಕೆಯನ್ನು ಕಾರಿನ ಗಣಕವೇ ಹೇಳುತ್ತದೆ. ಅದು ಶೇ. 20 ಇದ್ದರೆ ಒಂದು ಬೆಲೆ, ಶೇ. 70 ಇದ್ದರೆ ಇನ್ನೊಂದು ಬೆಲೆ. ಈ ಅಂಕೆ ಹೇಗೆ ಹುಟ್ಟುತ್ತದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು, ಕ್ಲಚ್‌ನ ಆಯುಷ್ಯವನ್ನು ನಿಜವಾಗಿ ನಿರ್ಧರಿಸುವುದು ಯಾವುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಕೋಟಿಗಟ್ಟಲೆ ಬೆಲೆಯ ಕಾರುಗಳ ವಿಚಾರ ಸಣ್ಣ ಉದ್ಯಮಿಗಳಿಗೇಕೆ ಎಂದು ಸದಸ್ಯರು ಕೇಳಬಹುದು. 1997ರಲ್ಲಿ ಫೆರಾರಿ ಎಫ್355 ಕಾರಿಗೆ ಈ ವ್ಯವಸ್ಥೆಯನ್ನು ಒದಗಿಸಿದ ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಸಂಸ್ಥೆಯೇ 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನ ಸ್ವಯಂಚಾಲಿತ ಗೇರಿಗೂ ಅದೇ ತತ್ತ್ವದ ಯಂತ್ರವನ್ನು ಒದಗಿಸಿತು. ಹೀಗಾಗಿ ಆ ಕಾರುಗಳು ಕಲಿಸಿದ ಪಾಠ ಈಗ ನಮ್ಮ ಬಡಾವಣೆಗಳ ಗ್ಯಾರೇಜುಗಳಿಗೂ ಅನ್ವಯಿಸುತ್ತದೆ.

ಹಿಡಿತದ ಗಣಿತ

ಕ್ಲಚ್‌ನ ರಚನೆ ಸರಳವಾದುದು. ಎಂಜಿನ್ನಿನ ಫ್ಲೈವೀಲ್ ಒಂದು ಕಡೆ, ಪ್ರೆಷರ್ ಪ್ಲೇಟ್ ಇನ್ನೊಂದು ಕಡೆ. ನಡುವೆ ಎರಡೂ ಮೈಗೆ ಲೈನಿಂಗ್ ಹೊಂದಿರುವ ಕ್ಲಚ್ ತಟ್ಟೆ. ಡಯಾಫ್ರಂ ಸ್ಪ್ರಿಂಗ್ ಈ ತಟ್ಟೆಯನ್ನು ಒತ್ತಿ ಹಿಡಿಯುತ್ತದೆ. ರಿಲೀಸ್ ಬೇರಿಂಗ್ ಆ ಸ್ಪ್ರಿಂಗಿನ ಬೆರಳುಗಳನ್ನು ತಳ್ಳಿದಾಗ ಹಿಡಿತ ಬಿಡುತ್ತದೆ. ಕ್ಲಚ್ ಎಷ್ಟು ತಿರುಚುಬಲವನ್ನು ಹೊರಬಲ್ಲದು ಎಂಬುದು ನಾಲ್ಕು ಸಂಗತಿಗಳ ಗುಣಲಬ್ಧ: ಘರ್ಷಣೆಯ ಮೈಗಳ ಸಂಖ್ಯೆ, ಘರ್ಷಣಾಂಕ, ಸ್ಪ್ರಿಂಗಿನ ಒತ್ತಡ ಮತ್ತು ತಟ್ಟೆಯ ಸರಾಸರಿ ತ್ರಿಜ್ಯ.

1999ರಲ್ಲಿ ಬಂದ ಫೆರಾರಿ 360 ಮೊಡೆನಾ ಕಾರಿನ 3.6 ಲೀಟರ್ ಎಂಜಿನ್ 8,500 ಸುತ್ತುಗಳಲ್ಲಿ 400 ಅಶ್ವಶಕ್ತಿಯನ್ನೂ 373 ನ್ಯೂಟನ್ ಮೀಟರ್ ತಿರುಚುಬಲವನ್ನೂ ನೀಡುತ್ತದೆ. ಒಂದೇ ತಟ್ಟೆ, ಅಂದರೆ ಎರಡು ಮೈ, ಘರ್ಷಣಾಂಕ 0.3, ಸರಾಸರಿ ತ್ರಿಜ್ಯ 10 ಸೆಂಟಿಮೀಟರ್ ಎಂದು ಲೆಕ್ಕಕ್ಕೆ ಹಿಡಿದರೆ, ಈ ಬಲವನ್ನು ಜಾರದಂತೆ ಸಾಗಿಸಲು ಸುಮಾರು 630 ಕಿಲೋಗ್ರಾಂ ಭಾರದಷ್ಟು ಒತ್ತಡ ಬೇಕಾಗುತ್ತದೆ. ಸುರಕ್ಷತೆಗಾಗಿ ಶೇ. 30ರಷ್ಟು ಹೆಚ್ಚುವರಿ ಇಟ್ಟರೆ ಅದು 800 ಕಿಲೋಗ್ರಾಂ ಮೀರುತ್ತದೆ.

ತಟ್ಟೆಯನ್ನು ದೊಡ್ಡದು ಮಾಡಿದರೆ ಕೆಲಸ ಸುಲಭವಲ್ಲವೇ ಎಂಬ ಪ್ರಶ್ನೆ ಸಹಜ. ಲಾರಿಗಳಲ್ಲಿ ಮಾಡುವುದು ಅದನ್ನೇ. ಆದರೆ ಕ್ರೀಡಾ ಕಾರಿನ ವಿನ್ಯಾಸಕನಿಗೆ ಎಂಜಿನ್ ಕ್ಷಣಾರ್ಧದಲ್ಲಿ ಸುತ್ತು ಏರಿಸಬೇಕು, ಇಳಿಸಬೇಕು. ತಿರುಗುವ ಭಾಗಗಳು ದೊಡ್ಡದಾದಷ್ಟೂ ಅದಕ್ಕೆ ಅಡ್ಡಿ. ಇದಲ್ಲದೆ ಕ್ಲಚ್ ಚಿಕ್ಕದಾದರೆ ಎಂಜಿನ್ನನ್ನು ನೆಲಕ್ಕೆ ಇನ್ನಷ್ಟು ಹತ್ತಿರ ಕೂರಿಸಬಹುದು. 2003ರ ಪೋರ್ಷೆ ಕರೇರಾ ಜಿಟಿ ಕಾರಿನಲ್ಲಿ 590 ನ್ಯೂಟನ್ ಮೀಟರ್ ಬಲವನ್ನು ಕೇವಲ 169 ಮಿಲಿಮೀಟರ್ ವ್ಯಾಸದ ಎರಡು ತಟ್ಟೆಗಳ ಸೆರಾಮಿಕ್ ಕ್ಲಚ್ ಹೊರುತ್ತಿತ್ತು. ಅಂಗೈ ಚಾಚಿದರೆ ಹೆಚ್ಚುಕಡಿಮೆ ಮುಚ್ಚುವಷ್ಟು ಅಳತೆ! ಆ ಕಾರನ್ನು ನಿಂತಲ್ಲಿಂದ ಹೊರಡಿಸುವುದು ಅನುಭವಿ ಚಾಲಕರಿಗೂ ಕಷ್ಟವೆಂಬ ಖ್ಯಾತಿ ಅದಕ್ಕೆ ಬಂದದ್ದು ಸುಮ್ಮನೆ ಅಲ್ಲ.

ಬಿಸಿಯ ಲೆಕ್ಕ

ಸವೆತಕ್ಕೆ ಕಾರಣ ಜಾರುವಿಕೆ. ಜಾರುವಿಕೆಯ ಫಲ ಬಿಸಿ. ಕಾರು ಸಮತಟ್ಟು ರಸ್ತೆಯಲ್ಲಿ ನಿಂತಲ್ಲಿಂದ ಹೊರಟು ಕ್ಲಚ್ ಪೂರ್ಣವಾಗಿ ಹಿಡಿಯುವ ಹೊತ್ತಿಗೆ ಅದು ಪಡೆದಿರುವ ಚಲನಶಕ್ತಿ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್‌ನಲ್ಲಿ ಬಿಸಿಯಾಗಿ ವ್ಯಯವಾಗಿರುತ್ತದೆ. ಎಂಜಿನ್ನಿನ ಸುತ್ತು ಒಂದೇ ಮಟ್ಟದಲ್ಲಿದ್ದರೆ ಚಾಲಕನು ಕ್ಲಚ್ಚನ್ನು ಮೃದುವಾಗಿ ಬಿಟ್ಟರೂ ಬಿರುಸಾಗಿ ಬಿಟ್ಟರೂ ಈ ಒಟ್ಟು ಮೊತ್ತ ಬದಲಾಗುವುದಿಲ್ಲ. ಅದನ್ನು ನಿರ್ಧರಿಸುವುದು ಕ್ಲಚ್ ಹಿಡಿಯುವಾಗ ಎಂಜಿನ್ ಎಷ್ಟು ಸುತ್ತಿನಲ್ಲಿದೆ ಎಂಬುದು ಮಾತ್ರ. ನಾಜೂಕಾಗಿ ಓಡಿಸುತ್ತೇನೆಂದು ಹೇಳುವ ಎಷ್ಟೋ ಮಾಲೀಕರು ಈ ಅಂಶವನ್ನು ಗಮನಿಸಿರುವುದಿಲ್ಲ.

360 ಮೊಡೆನಾ ಕಾರು ಮೊದಲ ಗೇರಿನಲ್ಲೇ ಗಂಟೆಗೆ 70 ಕಿ.ಮೀ. ಮೀರುತ್ತದೆ. ಅಂದರೆ 2,000 ಸುತ್ತಿಗೆ ಕಾರಿನ ವೇಗ ಸುಮಾರು 17.5 ಕಿ.ಮೀ., 4,000 ಸುತ್ತಿಗೆ 35 ಕಿ.ಮೀ. ಚಾಲಕನೂ ಸೇರಿ ಕಾರಿನ ತೂಕ 1,500 ಕಿಲೋಗ್ರಾಂ ಎಂದುಕೊಂಡರೆ, 2,000 ಸುತ್ತಿನಲ್ಲಿ ಹೊರಟಾಗ ಹುಟ್ಟುವ ಬಿಸಿ ಸುಮಾರು 18 ಕಿಲೋಜೂಲ್, 4,000 ಸುತ್ತಿನಲ್ಲಿ ಸುಮಾರು 71 ಕಿಲೋಜೂಲ್. ಸುತ್ತು ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು. 71 ಕಿಲೋಜೂಲ್ ಶಕ್ತಿಯು 5 ಕಿಲೋಗ್ರಾಂ ಎರಕದ ಕಬ್ಬಿಣವನ್ನು 30 ಡಿಗ್ರಿಯಷ್ಟು ಬಿಸಿ ಮಾಡಬಲ್ಲದು. ಬಿಡುವಿಲ್ಲದೆ ಹತ್ತು ಬಾರಿ ಹೀಗೆ ಹೊರಟರೆ ಏನಾಗುವುದೆಂದು ಎರಕದ ಕೆಲಸ ಬಲ್ಲ ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಸಾವಯವ ಲೈನಿಂಗ್ ಸುಟ್ಟ ವಾಸನೆ ಬರುವುದೂ, ಕಬ್ಬಿಣದ ಮೈಮೇಲೆ ನೀಲಿ ಕಲೆಗಳು ಮೂಡುವುದೂ ಇದರಿಂದಲೇ.

ಸಾಧಾರಣ ಸಣ್ಣ ಕಾರಿನ ಮೊದಲ ಗೇರು ಬಹಳ ತಗ್ಗಿನದು, ತೂಕವೂ ಕಡಿಮೆ. 1,500 ಸುತ್ತಿನಲ್ಲಿ ಹೊರಟರೆ ನಾಲ್ಕೈದು ಕಿಲೋಜೂಲ್‌ಗಳಲ್ಲಿ ಕೆಲಸ ಮುಗಿಯುತ್ತದೆ. ಆದ್ದರಿಂದಲೇ ಒಂದು ಕ್ಲಚ್ ಲಕ್ಷ ಕಿ.ಮೀ. ಬಂದರೆ ಇನ್ನೊಂದು ಅದರ ಸಣ್ಣ ಪಾಲಿನಷ್ಟೂ ಬಾರದೆ ಹೋಗುವುದು. ದಿಣ್ಣೆಯ ಮೇಲೆ ಹಾಫ್ ಕ್ಲಚ್‌ನಲ್ಲಿ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸಕ್ಕಂತೂ ಯಾವ ಲೆಕ್ಕವೂ ಇಲ್ಲ. ಅಲ್ಲಿ ಕಾರು ಚಲಿಸದಿದ್ದರೂ ಬಿಸಿ ಏರುತ್ತಲೇ ಇರುತ್ತದೆ.

ಕೈಯಿಂದ ಹೊಂದಿಸುತ್ತಿದ್ದ ಕಾಲ

ಕೇಬಲ್ ಕ್ಲಚ್ ಇರುವ ಕಾರುಗಳಲ್ಲಿ ಹೊಂದಾಣಿಕೆ ಎಂದರೆ ನಟ್ಟು ತಿರುಗಿಸುವ ಕೆಲಸ. ಲೈನಿಂಗ್ ಸವೆದಂತೆ ಪ್ರೆಷರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ, ಸ್ಪ್ರಿಂಗಿನ ಬೆರಳುಗಳು ಬೇರಿಂಗ್ ಕಡೆಗೆ ಬಾಗುತ್ತವೆ, ಪೆಡಲ್‌ನ ಸಡಿಲು ಕ್ರಮೇಣ ಮಾಯವಾಗುತ್ತದೆ. ಸಡಿಲು ಪೂರ್ತಿ ಹೋದರೆ ಬೇರಿಂಗ್ ಸದಾ ಬೆರಳುಗಳನ್ನು ಒತ್ತುತ್ತಲೇ ಇದ್ದು, ಹಿಡಿತ ಸಡಿಲಗೊಂಡು, ಇನ್ನೂ ಬಾಳಬೇಕಾದ ತಟ್ಟೆ ಜಾರಿ ಸುಟ್ಟುಹೋಗುತ್ತದೆ. ಐದು ನಿಮಿಷದ ಕೆಲಸವನ್ನು ಅಲಕ್ಷಿಸಿ ಇಡೀ ಕ್ಲಚ್ಚನ್ನೇ ಕಳೆದುಕೊಳ್ಳುವುದೆಂದರೆ ಇದು. ಪೋರ್ಷೆ 911 ಕಾರುಗಳಲ್ಲಿ 1986ರವರೆಗೂ ಕೇಬಲ್ ಇದ್ದು, 1987ರ ಮಾದರಿಯಿಂದ ಹೈಡ್ರಾಲಿಕ್ ಕ್ಲಚ್ ಬಂದಿತು. ಹೈಡ್ರಾಲಿಕ್‌ನಲ್ಲಿ ಸವೆತಕ್ಕೆ ತಕ್ಕಂತೆ ದ್ರವವೇ ಹಿಂದೆ ಸರಿದು ಸಡಿಲನ್ನು ಸರಿದೂಗಿಸುತ್ತದೆ. ಅನುಕೂಲವೇನೋ ಹೌದು, ಆದರೆ ಸವೆತದ ಸುಳಿವನ್ನು ಪೆಡಲ್ ಮೂಲಕ ತಿಳಿಯುವ ಹಳೆಯ ದಾರಿ ಅಲ್ಲಿಗೆ ಮುಚ್ಚಿತು. 1990ರ ದಶಕದ ಮಧ್ಯದಲ್ಲಿ ಜರ್ಮನಿಯ ಲುಕ್ ಸಂಸ್ಥೆಯ ಸ್ವಯಂ ಹೊಂದಾಣಿಕೆಯ ಕ್ಲಚ್ ಬಂದ ಮೇಲೆ ಪೆಡಲ್ ಬಿಗಿಯಾಗುವ ಲಕ್ಷಣವೂ ಅಂಥ ಕಾರುಗಳಲ್ಲಿ ಕಾಣದಾಯಿತು.

ಶೇಕಡಾ ಅಂಕೆಯ ಒಳಗುಟ್ಟು

ಫೆರಾರಿಯ ಎಫ್1 ಗೇರ್ ವ್ಯವಸ್ಥೆಯಲ್ಲಿ ಪೆಡಲ್ ಇಲ್ಲ. ವಿದ್ಯುತ್ ಪಂಪು ತೈಲವನ್ನು ಒತ್ತಡದಲ್ಲಿ ಶೇಖರಿಸುತ್ತದೆ, ಗಣಕದ ಆಜ್ಞೆಯಂತೆ ಕವಾಟಗಳು ತೆರೆದುಕೊಂಡು ಕ್ಲಚ್ಚನ್ನು ಬಿಡಿಸುತ್ತವೆ, ಹಿಡಿಸುತ್ತವೆ. ರಿಲೀಸ್ ಬೇರಿಂಗ್ ಯಾವ ಸ್ಥಾನದಲ್ಲಿದೆ ಎಂಬುದನ್ನು ಸಂವೇದಕವೊಂದು ಮಿಲಿಮೀಟರ್ ಲೆಕ್ಕದಲ್ಲಿ ತಿಳಿಸುತ್ತಿರುತ್ತದೆ. ಹೊಸ ಕ್ಲಚ್ ಹಾಕಿದ ದಿನ ಪೂರ್ಣ ಹಿಡಿತದ ಸ್ಥಾನವನ್ನು ಗಣಕಕ್ಕೆ ಕಲಿಸಲಾಗುತ್ತದೆ. ಮುಂದೆ ಲೈನಿಂಗ್ ಸವೆದಂತೆ ಆ ಸ್ಥಾನ ಸರಿಯುತ್ತದೆ. ಡಯಾಫ್ರಂ ಸ್ಪ್ರಿಂಗ್ ಸನ್ನೆಕೋಲಿನಂತೆ ಕೆಲಸ ಮಾಡುವುದರಿಂದ ತಟ್ಟೆಯಲ್ಲಿ ಒಂದು ಮಿಲಿಮೀಟರ್ ಸವೆತವಾದರೆ ಬೆರಳುಗಳ ತುದಿಯಲ್ಲಿ ಅದರ ಹಲವು ಪಟ್ಟು ಸರಿತ ಕಾಣುತ್ತದೆ. ಅಂದಿನ ಸ್ಥಾನಕ್ಕೂ ಇಂದಿನ ಸ್ಥಾನಕ್ಕೂ ಇರುವ ವ್ಯತ್ಯಾಸವನ್ನು ಒಟ್ಟು ಅನುಮತಿಸಿದ ಸರಿತದಿಂದ ಭಾಗಿಸಿದರೆ ಬರುವುದೇ ಈ ಶೇಕಡಾ ಅಂಕೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಗಣಕ ಅಳೆಯುವುದು ದಪ್ಪವನ್ನು, ಹಿಡಿತವನ್ನಲ್ಲ. ಬಿಸಿಯಿಂದ ಗಾಜಿನಂತೆ ನುಣುಪಾದ ಲೈನಿಂಗ್, ಸೊಟ್ಟಗಾದ ಪ್ರೆಷರ್ ಪ್ಲೇಟ್, ಸೋರಿದ ತೈಲ ತಗುಲಿದ ತಟ್ಟೆ, ಇವು ಯಾವುವೂ ಈ ಅಂಕೆಯಲ್ಲಿ ಕಾಣುವುದಿಲ್ಲ. ಶೇ. 30 ಎಂದು ತೋರಿಸುವ ಕ್ಲಚ್ ಜಾರುವುದೂ ಉಂಟು. ಇದನ್ನು ಪತ್ತೆ ಹಚ್ಚಲು ರಸ್ತೆಯೇ ಉತ್ತಮ ಪರೀಕ್ಷಕ: ಎತ್ತರದ ಗೇರಿನಲ್ಲಿ ಕಡಿಮೆ ಸುತ್ತಿನಿಂದ ಆಕ್ಸಿಲರೇಟರ್ ಪೂರ್ತಿ ತುಳಿದಾಗ ವೇಗ ಏರದೆ ಸುತ್ತು ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ ಎಂದು ತಿಳಿಯಬೇಕು.

ಎರಡನೆಯದು ವ್ಯಾಪಾರದ ನಂಬಿಕೆಗೆ ಸಂಬಂಧಿಸಿದ್ದು. ಕ್ಲಚ್ ಬದಲಿಸದೆಯೇ ಕಲಿಸುವ ಕ್ರಿಯೆಯನ್ನು ಮಾತ್ರ ನಡೆಸಿದರೆ ಗಣಕವು ಹಳೆಯ ತಟ್ಟೆಯನ್ನೇ ಹೊಸದೆಂದು ಭಾವಿಸಿ ಲೆಕ್ಕವನ್ನು ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಓಡಿದ ಕಿಲೋಮೀಟರನ್ನು ತಿದ್ದುವಂಥದೇ ವಂಚನೆ ಇದು. ಹಾಗಾಗಿ ಜಾಣ ಕೊಳ್ಳುಗರು ಒಂದೇ ಅಂಕೆಗೆ ತೃಪ್ತರಾಗದೆ, ಹಿಂದಿನ ಸರ್ವೀಸ್ ಪತ್ರಗಳಲ್ಲಿರುವ ಅಂಕೆಗಳನ್ನೂ ಆಯಾ ದಿನದ ಕಿಲೋಮೀಟರನ್ನೂ ಕೇಳುತ್ತಾರೆ. 5,000 ಕಿ.ಮೀ. ಅವಧಿಯಲ್ಲಿ ಶೇ. 10 ಸವೆದಿದೆಯೋ ಶೇ. 40 ಸವೆದಿದೆಯೋ ಎಂಬ ದರವು ಕ್ಲಚ್‌ನ ಸ್ಥಿತಿಯ ಜೊತೆಗೆ ಚಾಲಕನ ರೀತಿಯನ್ನೂ ಹೊಂದಾಣಿಕೆಯ ಗುಣವನ್ನೂ ಹೇಳುತ್ತದೆ. ಅಂಕೆ ದಿಢೀರನೆ ಇಳಿದಿದ್ದು, ಅದಕ್ಕೆ ಬಿಡಿಭಾಗದ ಬಿಲ್ಲು ಇಲ್ಲದಿದ್ದರೆ ಆ ಕಾರಿನಿಂದ ದೂರವಿರುವುದು ಕ್ಷೇಮ.

ಹಿಡಿತದ ಬಿಂದು

ಈ ವ್ಯವಸ್ಥೆಯಲ್ಲಿ ಶೇಕಡಾ ಅಂಕೆಗಿಂತ ಮಹತ್ವದ ಇನ್ನೊಂದು ಸಂಖ್ಯೆಯಿದೆ. ಕ್ಲಚ್ ತಟ್ಟೆ ಫ್ಲೈವೀಲನ್ನು ಮೊದಲು ಸ್ಪರ್ಶಿಸಿ ಬಲವನ್ನು ಸಾಗಿಸತೊಡಗುವ ಸ್ಥಾನ ಅದು. ಗಣಕವು ಈ ಬಿಂದುವಿನವರೆಗೆ ಕ್ಲಚ್ಚನ್ನು ವೇಗವಾಗಿ ತರುತ್ತದೆ, ಅಲ್ಲಿಂದ ಮುಂದೆ ನಿಧಾನವಾಗಿ ಹಿಡಿಸುತ್ತದೆ. ನುರಿತ ಚಾಲಕನ ಕಾಲು ಮಾಡುವುದೂ ಇದನ್ನೇ.

ಗಣಕದ ಕಡತದಲ್ಲಿರುವ ಬಿಂದು ನಿಜವಾದ ಬಿಂದುವಿಗಿಂತ ಮುಂಚಿತವಾಗಿದ್ದರೆ, ಯಂತ್ರವು ತಟ್ಟೆ ತಾಕುವ ಮೊದಲೇ ನಿಧಾನಗೊಳ್ಳುತ್ತದೆ. ಕಾರು ತಡವರಿಸುತ್ತದೆ, ಚಾಲಕ ಬೇಸತ್ತು ಇನ್ನಷ್ಟು ತುಳಿಯುತ್ತಾನೆ, ಸುತ್ತು ಏರುತ್ತದೆ. ಮೇಲೆ ಹೇಳಿದ ನಾಲ್ಕು ಪಟ್ಟು ಬಿಸಿಯ ಲೆಕ್ಕ ಆರಂಭವಾಗುವುದು ಇಲ್ಲಿಯೇ. ಬಿಂದು ತಡವಾಗಿದ್ದರೆ ವೇಗದಲ್ಲಿ ಬಂದ ಕ್ಲಚ್ ಧಡಕ್ಕನೆ ಹಿಡಿದು ಕಾರು ಜಿಗಿಯುತ್ತದೆ. ಪೆಟ್ಟು ಗೇರ್‌ಬಾಕ್ಸಿಗೂ ಆಕ್ಸಲ್‌ಗೂ ಬೀಳುತ್ತದೆ. ಎರಡರ ನಡುವಿನ ಅಂತರ ಮಿಲಿಮೀಟರಿನ ಅಲ್ಪ ಭಾಗ. 360ರಂಥ ಕಾರುಗಳಲ್ಲಿ ತಂತ್ರಜ್ಞನು ಪರೀಕ್ಷಾ ಯಂತ್ರವನ್ನು ಜೋಡಿಸಿ ಈ ಬಿಂದುವನ್ನು ಸರಿಪಡಿಸುತ್ತಾನೆ. ಒಂದೇ ಮಾದರಿಯ, ಒಂದೇ ಲೈನಿಂಗಿನ ಎರಡು ಕಾರುಗಳ ಕ್ಲಚ್ ಆಯುಷ್ಯದಲ್ಲಿ ಅಜಗಜಾಂತರ ಕಂಡುಬಂದರೆ ಲೈನಿಂಗನ್ನು ದೂರುವ ಮೊದಲು ಈ ಸಂಖ್ಯೆಯನ್ನು ನೋಡುವುದು ಲೇಸು.

ಕೂಲಿಯ ಪ್ರಶ್ನೆಯೂ ಸಣ್ಣದಲ್ಲ. ಎಫ್355ರಲ್ಲಿ ಕ್ಲಚ್ ಗೇರ್‌ಬಾಕ್ಸಿನ ಹಿಂತುದಿಯಲ್ಲಿದ್ದು ಗೇರ್‌ಬಾಕ್ಸನ್ನು ಇಳಿಸದೆಯೇ ಬದಲಿಸಬಹುದಿತ್ತು. 360ರಲ್ಲಿ ಅದು ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಸೇರಿತು. ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ. ಕ್ಲಚ್ ಸವೆತಕ್ಕೆ ಒಳಪಡುವ ಭಾಗವಾದುದರಿಂದ ವಾರಂಟಿಯ ಆಸರೆಯೂ ಸಾಮಾನ್ಯವಾಗಿ ದೊರೆಯುವುದಿಲ್ಲ.

ನಮ್ಮ ಗ್ಯಾರೇಜುಗಳಿಗೆ ಬಂದ ಬಗೆ

2008ರಲ್ಲಿ ಪೋರ್ಷೆ 911 ಹಾಗೂ ಫೆರಾರಿ ಕ್ಯಾಲಿಫೋರ್ನಿಯಾ ಕಾರುಗಳಿಗೆ ಎಣ್ಣೆಯಲ್ಲಿ ಮುಳುಗಿರುವ ಜೋಡಿ ಕ್ಲಚ್ ಬಂದಿತು. ಬಿಸಿಯನ್ನು ಎಣ್ಣೆಯೇ ಹೊತ್ತೊಯ್ಯುವುದರಿಂದ ಸವೆತದ ಸಮಸ್ಯೆ ಬಹುಪಾಲು ತಗ್ಗಿತು, ಒಣ ಕ್ಲಚ್ಚನ್ನು ಗಣಕದಿಂದ ನಡೆಸುವ ಹಳೆಯ ವಿಧಾನ ಕ್ರಮೇಣ ದುಬಾರಿ ಕಾರುಗಳಿಂದ ಹಿಂದೆ ಸರಿಯಿತು. ಅದಾದ ಕೆಲವೇ ವರ್ಷಗಳಲ್ಲಿ ಅದೇ ವಿಧಾನ ಕಡಿಮೆ ಖರ್ಚಿನ ಎ.ಎಂ.ಟಿ. ಎಂಬ ಹೆಸರಿನಲ್ಲಿ ಭಾರತದ ಸಣ್ಣ ಕಾರುಗಳನ್ನು ಪ್ರವೇಶಿಸಿತು.

ಈ ಕಾರುಗಳ ಕ್ಲಚ್ ತಟ್ಟೆ, ಪ್ರೆಷರ್ ಪ್ಲೇಟ್ ಈಗ ಜೆ.ಸಿ. ರಸ್ತೆಯ ಅಂಗಡಿಗಳ ಸಾಮಾನ್ಯ ಸರಕು. ತಟ್ಟೆ ಬದಲಿಸಲು ಬೇಕಾದ ಕೈಚಳಕವೂ ನಮ್ಮ ಮೆಕ್ಯಾನಿಕ್‌ಗಳಲ್ಲಿ ಧಾರಾಳವಾಗಿದೆ. ಕೊರತೆ ಇರುವುದು ಅನಂತರದ ಹಂತದಲ್ಲಿ. ಸ್ಕ್ಯಾನರ್ ಜೋಡಿಸಿ ಹೊಸ ಕ್ಲಚ್‌ನ ಸ್ಥಾನವನ್ನೂ ಹಿಡಿತದ ಬಿಂದುವನ್ನೂ ಕಲಿಸದೆ ಕಾರನ್ನು ಹೊರಗೆ ಕಳುಹಿಸಿದರೆ, ಗಣಕವು ಹಳೆಯ ತಟ್ಟೆಯ ಲೆಕ್ಕದಲ್ಲೇ ಹೊಸ ತಟ್ಟೆಯನ್ನು ನಡೆಸುತ್ತದೆ. ಕಾರು ಎಳೆದಾಡುತ್ತದೆ, ಮೇಲ್ಸೇತುವೆಯ ಏರಿನಲ್ಲಿ ತಡವರಿಸುತ್ತದೆ. ಗ್ರಾಹಕ ವಾರದೊಳಗೆ ಹಿಂದಿರುಗುತ್ತಾನೆ. ಆಗ ಆಪಾದನೆ ಹೊರುವುದು ತಟ್ಟೆ ಮಾರಿದ ವ್ಯಾಪಾರಿ, ಅಥವಾ ಅದನ್ನು ತಯಾರಿಸಿದ ಸಣ್ಣ ಘಟಕ. ಸರಕು ವಾಪಸಾಗುತ್ತದೆ, ಅದರಲ್ಲಿ ದೋಷವೇ ಇಲ್ಲದಿರಬಹುದು.

ಬಿಡಿಭಾಗ ಮಾರುವ ಸದಸ್ಯರು ಎ.ಎಂ.ಟಿ. ಕಾರಿನ ಕ್ಲಚ್ ಪೆಟ್ಟಿಗೆಯೊಂದಿಗೆ, ಅಳವಡಿಸಿದ ಬಳಿಕ ಕಲಿಸುವ ಕ್ರಿಯೆ ಕಡ್ಡಾಯ ಎಂಬ ಕನ್ನಡ ಚೀಟಿಯೊಂದನ್ನು ಇಡಬಹುದು. ವಾಪಸು ಬಂದ ತಟ್ಟೆಯನ್ನು ಸ್ವೀಕರಿಸುವ ಮುನ್ನ ಅಳವಡಿಸಿದ ದಿನದ ಸ್ಕ್ಯಾನರ್ ಅಂಕೆಗಳನ್ನು ಕೇಳುವುದೂ ನ್ಯಾಯಸಮ್ಮತವೇ. ಗ್ಯಾರೇಜು ನಡೆಸುವವರು ಈ ಕೆಲಸವನ್ನು ಕೂಲಿಯ ಒಂದು ಪ್ರತ್ಯೇಕ ಸಾಲಾಗಿ ಬಿಲ್ಲಿನಲ್ಲಿ ನಮೂದಿಸಿ, ಅದರ ಪಕ್ಕದಲ್ಲಿ ಆ ದಿನದ ಕಿಲೋಮೀಟರನ್ನೂ ಬರೆದುಕೊಟ್ಟರೆ, ಮುಂದೆ ಆ ಕಾರನ್ನು ಕೊಳ್ಳುವವನಿಗೂ ಅದು ದಾಖಲೆಯಾಗಿ ಒದಗುತ್ತದೆ.