16,950 ರೂಪಾಯಿಯ ಲೆಕ್ಕ: ಕಾರಿಗೆ ನಾವೇ ಸಬ್‌ವೂಫರ್ ಕೂರಿಸಿದಾಗ

2018ರ ಸ್ವಿಫ್ಟ್ ಕಾರಿಗೆ 12 ಇಂಚಿನ ಸಬ್‌ವೂಫರ್ ಕೂರಿಸಲು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದು ಕೇಳಿದ ಮೊತ್ತ 18,900 ರೂ. ಅದೇ ಸ್ಪೀಕರ್, ಅದೇ ಆಂಪ್ಲಿಫೈಯರ್ ಕೊಂಡು ತಂದು ಮನೆಯಲ್ಲೇ ಜೋಡಿಸಿದಾಗ ನನಗೆ ಬಿದ್ದ ಖರ್ಚು 16,950 ರೂ. ಉಳಿದದ್ದು 1,950 ರೂ., ಶೇ. 10.3. ಇದರಲ್ಲಿ ಹೊಸದಾಗಿ ಕೊಂಡ ಕ್ರಿಂಪಿಂಗ್ ಇಕ್ಕಳ ಮತ್ತು ಮಲ್ಟಿಮೀಟರ್‌ಗೆ 1,300 ರೂ. ಹೋಯಿತು. ಕೈಯಲ್ಲಿ ನಿಂತದ್ದು 650 ರೂ. ಕೆಲಸಕ್ಕೆ ಹಿಡಿದದ್ದು 17 ಗಂಟೆ. ಗಂಟೆಗೆ 38 ರೂ. ಕೂಲಿಯಾಯಿತು. ಹಣ ಉಳಿಸುವುದಷ್ಟೇ ಗುರಿಯಾಗಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಕಾಗಿಲ್ಲ. ಬಿಲ್ಲನ್ನು ಬಿಡಿಸಿ ನೋಡಿದಾಗ ಬೇರೊಂದು ಕಾರಣ ಕಾಣುತ್ತದೆ.

ಸಬ್‌ವೂಫರ್ ಎಂದರೆ ಸುಮಾರು 20ರಿಂದ 80 ಹರ್ಟ್ಸ್‌ವರೆಗಿನ ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್. ಕಾರಿನ ಬಾಗಿಲಲ್ಲಿರುವ 6 ಇಂಚಿನ ಸ್ಪೀಕರ್‌ಗಳಿಗೆ ಈ ಪಟ್ಟಿಯ ಕೆಳಗಿನ ಅರ್ಧ ಎಟುಕುವುದಿಲ್ಲ. ನನ್ನ ಬಿಲ್ಲಿನಲ್ಲಿ ಸ್ಪೀಕರ್‌ಗೆ 4,800, ಆಂಪ್ಲಿಫೈಯರ್‌ಗೆ 7,600, ಪೆಟ್ಟಿಗೆಯ ಎಂಡಿಎಫ್ ಹಲಗೆ, ಅಂಟು, ಕಾರ್ಪೆಟ್‌ಗೆ 2,150, ವೈರ್, ಫ್ಯೂಸ್ ಮತ್ತು ಜೋಡಣೆಯ ಸಣ್ಣಪುಟ್ಟ ಸಾಮಾನಿಗೆ 2,400 ರೂ. ಎಲ್ಲವೂ ಜಿಎಸ್‌ಟಿ ಸೇರಿದ ದರ. ಅಂಗಡಿಯ ಪಟ್ಟಿಯಲ್ಲಿ ಸ್ಪೀಕರ್ ಮತ್ತು ಆಂಪ್ಲಿಫೈಯರ್‌ನ 12,400 ರೂ. ಜೊತೆಗೆ ಸಿದ್ಧ ಪೆಟ್ಟಿಗೆಗೆ 2,800, ಮಜೂರಿಗೆ 2,500, ‘ವೈರಿಂಗ್ ಕಿಟ್’ಗೆ 1,200 ರೂ. ಇತ್ತು.

ಈ ಕೊನೆಯ ಸಾಲೇ ಮುಖ್ಯ. ಅಂಗಡಿಯ ಲೆಕ್ಕದಲ್ಲಿ ವೈರಿಂಗ್‌ಗೆ ಒಟ್ಟು ಮೊತ್ತದ ಶೇ. 6.3 ಮೀಸಲು, ನನ್ನ ಲೆಕ್ಕದಲ್ಲಿ ಶೇ. 14.2. ರೂಪಾಯಿಯಲ್ಲಿ ಸರಿಯಾಗಿ ಎರಡು ಪಟ್ಟು. ಬ್ಯಾಟರಿಯಿಂದ ಡಿಕ್ಕಿಯವರೆಗೆ, ಕಾರ್ಪೆಟ್ಟಿನ ಅಡಿಯಲ್ಲಿ, ಕೂತವರ ಕಾಲ ಬುಡದಲ್ಲಿ ಹರಿದುಹೋಗುವ 6 ಮೀಟರ್ ವೈರ್ ಅದು. ಒಮ್ಮೆ ಮುಚ್ಚಿದರೆ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಡೀ ಜೋಡಣೆಯಲ್ಲಿ ಬೆಂಕಿಗೆ ಕಾರಣವಾಗಬಲ್ಲ ಭಾಗವೂ ಮುಖ್ಯವಾಗಿ ಇದೇ.

ಅದೇ ಕಿಟ್ ಹಾಕಿಸಿಕೊಂಡಿದ್ದ ಗೆಳೆಯರೊಬ್ಬರ ಡಿಕ್ಕಿಯಲ್ಲಿ ಉಳಿದಿದ್ದ ಒಂದು ಅಡಿ ತುಂಡನ್ನು ತಂದು ಸುಲಿದೆ. ಮೇಲೆ ‘8 ಗೇಜ್’ ಎಂದಿತ್ತು. ಗೇಜ್ ಎಂಬುದು ದಪ್ಪದ ಅಮೆರಿಕನ್ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ವೈರ್ ದಪ್ಪ. 8 ಗೇಜ್ ಎಂದರೆ 8.37 ಚದರ ಮಿ.ಮೀ. ಲೋಹ ಇರಬೇಕು. ಎಳೆಗಳನ್ನು ಹತ್ತತ್ತರ ಕಟ್ಟು ಮಾಡಿ ಎಣಿಸಿದೆ: 143. ವರ್ನಿಯರ್‌ನಲ್ಲಿ ಒಂದೊಂದು ಎಳೆಯ ದಪ್ಪ 0.2 ಮಿ.ಮೀ. ಒಟ್ಟು ಲೋಹ 4.5 ಚದರ ಮಿ.ಮೀ., ಹೇಳಿದ್ದರ ಶೇ. 54. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಕೆಂಪು ಹೋಗಿ ಬಿಳಿ ಕಂಡಿತು. ಒಳಗಿದ್ದದ್ದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಇಂಥ ವೈರ್‌ನ ವಿದ್ಯುತ್ ರೋಧ ಅದೇ ದಪ್ಪದ ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಹೊರಗಿನ ಪ್ಲಾಸ್ಟಿಕ್ ಕವಚ ಮಾತ್ರ ದಪ್ಪವಾಗಿತ್ತು. ಕೈಯಲ್ಲಿ ಹಿಡಿದವರಿಗೆ ಇದು 8 ಗೇಜ್ ಎಂದೇ ಅನ್ನಿಸುತ್ತದೆ.

ನಾನು ಹಾಕಿದ್ದು ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ಕೊಂಡ, ಐಎಸ್‌ಐ ಗುರುತಿನ 16 ಚದರ ಮಿ.ಮೀ. ತಾಮ್ರದ ವೈರ್. ಮೀಟರಿಗೆ 210 ರೂ., 7 ಮೀಟರಿಗೆ 1,470 ರೂ. ಭಾರತೀಯ ಮಾನದಂಡದಲ್ಲಿ ಈ ದಪ್ಪದ ಬಳುಕುವ ತಾಮ್ರದ ವೈರ್‌ಗೆ ಗರಿಷ್ಠ ರೋಧ ಮೀಟರಿಗೆ 1.21 ಮಿಲಿ ಓಮ್. ನನ್ನ ಆಂಪ್ಲಿಫೈಯರ್ 300 ವ್ಯಾಟ್ ಕೊಡುವಾಗ ಶೇ. 80ರ ದಕ್ಷತೆಯಲ್ಲಿ 375 ವ್ಯಾಟ್ ಎಳೆಯುತ್ತದೆ, 13.8 ವೋಲ್ಟ್‌ನಲ್ಲಿ ಅದು 27.2 ಆಂಪಿಯರ್. ಅರ್ತ್ ವೈರ್ ಸೇರಿ ಕರೆಂಟ್ ಹರಿಯುವ ದಾರಿ 6.5 ಮೀಟರ್. ಅಷ್ಟರಲ್ಲಿ ದಾರಿಯಲ್ಲೇ ಕಳೆದುಹೋಗುವುದು 0.21 ವೋಲ್ಟ್, ಶೇ. 1.5. ಕಿಟ್‌ನ ವೈರ್‌ನಲ್ಲಿ ಇದೇ ಲೆಕ್ಕ 1.05 ವೋಲ್ಟ್, ಶೇ. 7.6. ಹೀಗೆ ಕಳೆದದ್ದು ಶಾಖವಾಗುತ್ತದೆ: ತಾಮ್ರದಲ್ಲಿ 5.8 ವ್ಯಾಟ್, ಕಿಟ್‌ನಲ್ಲಿ 28.6 ವ್ಯಾಟ್. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವ್ಯಾಟಿನದು. ಆರೂವರೆ ಮೀಟರಿಗೆ ಹಂಚಿಹೋಗುವ ಶಾಖ ಇದು, ಹಾಡು ಸದಾ ಪೂರ್ಣ ಶಕ್ತಿಯಲ್ಲಿ ನುಡಿಯುವುದೂ ಇಲ್ಲ. ಆದರೆ ಸಡಿಲ ಜೋಡಣೆ ಇರುವ ಕಡೆ ಶಾಖ ಹಂಚಿಹೋಗದೆ ಒಂದೇ ಬಿಂದುವಿನಲ್ಲಿ ನಿಲ್ಲುತ್ತದೆ.

ಫ್ಯೂಸಿನ ಲೆಕ್ಕ ಇದಕ್ಕಿಂತ ಗಂಭೀರ. ಬ್ಯಾಟರಿಯಿಂದ ಬಂದ ವೈರ್ ಬಾನೆಟ್ ಮತ್ತು ಕ್ಯಾಬಿನ್ ನಡುವಿನ ತಗಡಿನ ರಂಧ್ರದಲ್ಲಿ ತೂರಿ ಹೋಗುತ್ತದೆ. ರಬ್ಬರ್ ಗ್ರಾಮೆಟ್ ಇಲ್ಲದಿದ್ದರೆ ತಗಡಿನ ಅಂಚು ಕವಚವನ್ನು ಕೊಯ್ಯುತ್ತದೆ. ಲೋಹಕ್ಕೆ ಲೋಹ ತಾಗಿದಾಗ ಬ್ಯಾಟರಿಯ ಒಳರೋಧವೂ ವೈರ್‌ನದೂ ಸೇರಿ 0.015 ಓಮ್ ಎಂದು ಹಿಡಿದರೂ ಹರಿಯುವುದು 840 ಆಂಪಿಯರ್. ವ್ಯಾಟಿನಲ್ಲಿ ಅದು 10,500 ದಾಟುತ್ತದೆ, 2,000 ವ್ಯಾಟಿನ 5 ಗೀಸರ್ ಒಟ್ಟಿಗೆ ಉರಿದಂತೆ. ಇದನ್ನು ತಡೆಯುವುದು 350 ರೂ. ಬೆಲೆಯ 40 ಆಂಪಿಯರ್ ಫ್ಯೂಸ್ ಮತ್ತು ಅದರ ಹೋಲ್ಡರ್. ಬ್ಯಾಟರಿಯಿಂದ ಅದು 18 ಇಂಚಿನೊಳಗೆ, ಅಂದರೆ 45 ಸೆಂ.ಮೀ. ಒಳಗೆ ಇರಬೇಕೆಂಬುದು ಈ ಕಸುಬಿನ ನಿಯಮ. ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನಲ್ಲ, ವೈರನ್ನು. ಕಿಟ್‌ನಲ್ಲಿದ್ದ ಫ್ಯೂಸ್ 60 ಆಂಪಿಯರಿನದು. ಲೇಪದ 4.5 ಚದರ ಮಿ.ಮೀ. ವೈರ್‌ಗೆ ಇದನ್ನು ಹಾಕಿದರೆ ಫ್ಯೂಸ್ ಹಾರುವ ಮೊದಲು ವೈರ್‌ನ ಕವಚ ಕರಗಬಹುದು. ಗೆಳೆಯರ ಕಾರಿನಲ್ಲಿ ಆ ಫ್ಯೂಸ್ ತೆಗೆದು 25 ಆಂಪಿಯರಿನದು ಹಾಕಿಸುವವರೆಗೆ ನನಗೆ ಸಮಾಧಾನವಿರಲಿಲ್ಲ.

ನಾನು ಹಾಕಿದ್ದು ಮನೆ ವೈರಿಂಗ್‌ನ ವೈರ್; ಅದರ ಪಿವಿಸಿ ಕವಚ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಾಳುತ್ತದೆ. ಬಾನೆಟ್ ಒಳಗೆ, ಎಂಜಿನ್ ಬದಿಯಲ್ಲಿ, ಉಷ್ಣತೆ ಅದನ್ನು ಮೀರಬಹುದು. ಅಲ್ಲಿನ ಒಂದು ಮೀಟರ್ ದೂರಕ್ಕೆ ಸುಕ್ಕುಕೊಳವೆ ತೊಡಿಸಿ ಎಂಜಿನ್ನಿನಿಂದ ದೂರಕ್ಕೆ ಬಿಗಿದೆ. ಲಗ್, ಗ್ರಾಮೆಟ್, ಕೊಳವೆ, ಟೈ, ಸ್ಪೀಕರ್ ವೈರ್ ಎಲ್ಲ ಸೇರಿ 580 ರೂ.

ನನ್ನ ತಪ್ಪು ಅರ್ತಿಂಗ್‌ನಲ್ಲಿ ಆಯಿತು. ಹಿಂಸೀಟಿನ ಬೋಲ್ಟಿಗೆ ಅರ್ತ್ ವೈರ್ ಸಿಕ್ಕಿಸಿ ಪರೀಕ್ಷಾ ಸ್ವರ ನುಡಿಸಿದಾಗ ಆಂಪ್ಲಿಫೈಯರ್‌ನ ಅರ್ತ್ ತುದಿಗೂ ಕಾರಿನ ತಗಡಿಗೂ ನಡುವೆ 0.8 ವೋಲ್ಟ್ ತೋರಿಸಿತು. 6 ಮೀಟರ್ ತಾಮ್ರದಲ್ಲಿ ಕಳೆಯುವುದಕ್ಕಿಂತ ನಾಲ್ಕು ಪಟ್ಟು ಒಂದು ಬೋಲ್ಟಿನಲ್ಲೇ ಕಳೆದಿತ್ತು. ಎಂಜಿನ್ ವೇಗದ ಜೊತೆ ಏರಿಳಿಯುವ ಸಣ್ಣ ಶಿಳ್ಳೆಯೂ ಕೇಳುತ್ತಿತ್ತು. ಬೋಲ್ಟ್ ಬಿಚ್ಚಿ, ಅದರ ಸುತ್ತ ಎರಡು ರೂಪಾಯಿ ನಾಣ್ಯದಗಲ ಬಣ್ಣ ಮತ್ತು ಪ್ರೈಮರ್ ಉಜ್ಜಿ ತೆಗೆದು ಹೊಳೆಯುವ ತಗಡಿಗೆ ಲಗ್ ಕೂರಿಸಿದೆ. 0.8 ಇದ್ದದ್ದು 0.06ಕ್ಕೆ ಇಳಿಯಿತು. ಶಿಳ್ಳೆ ನಿಂತಿತು. ಬಳಸಿದ್ದು 10 ರೂ.ಗಳ ಉಪ್ಪುಕಾಗದ.

ಇನ್ನು ವ್ಯಾಟ್. ನನ್ನ ಸ್ಪೀಕರ್ ಡಬ್ಬದ ಮೇಲೆ 1,400 ವ್ಯಾಟ್ ಎಂದು ದೊಡ್ಡಕ್ಷರದಲ್ಲಿದೆ, ಬದಿಯಲ್ಲಿ ಸಣ್ಣಕ್ಷರದಲ್ಲಿ 300 ಆರ್‌ಎಂಎಸ್ ಎಂದಿದೆ. ಆರ್‌ಎಂಎಸ್ ಎಂದರೆ ನಿರಂತರವಾಗಿ ತಾಳಬಲ್ಲ ಶಕ್ತಿ. ಕೊಳ್ಳುವಾಗ ನೋಡಬೇಕಾದ ಅಂಕಿ ಇದೊಂದೇ. ಆಂಪ್ಲಿಫೈಯರ್ ವಿಷಯದಲ್ಲಿ ಸುಳ್ಳು ಹಿಡಿಯಲು ಡಬ್ಬವೂ ಬೇಕಿಲ್ಲ, ಅದರ ಬೆನ್ನಿನ ಫ್ಯೂಸ್ ಸಾಕು. 30 ಆಂಪಿಯರ್ ಫ್ಯೂಸ್ ಇದ್ದರೆ ಒಳಕ್ಕೆ ಹೋಗಬಲ್ಲದ್ದು 414 ವ್ಯಾಟ್, ಹೊರಬರಬಲ್ಲದ್ದು ಸುಮಾರು 330. ಆ ಡಬ್ಬದ ಮೇಲೆ 1,500 ಎಂದಿದ್ದರೂ 3,000 ಎಂದಿದ್ದರೂ ಈ ಲೆಕ್ಕ ಬದಲಾಗದು.

ಹೆಚ್ಚು ವ್ಯಾಟಿಗೆ ಹೆಚ್ಚು ಹಣ ಕೊಡುವುದೂ ಲಾಭದಾಯಕವಲ್ಲ. 600 ವ್ಯಾಟಿನ ಮುಂದಿನ ಮಾದರಿಗೆ 12,900 ರೂ. ಇತ್ತು, ನನ್ನದಕ್ಕಿಂತ ಶೇ. 70 ಹೆಚ್ಚು. ಶಕ್ತಿ ಇಮ್ಮಡಿಯಾದರೆ ಶಬ್ದ ಏರುವುದು 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್, ಅಂದರೆ 10 ಪಟ್ಟು ಶಕ್ತಿ ಬೇಕು.

ಈ ಏರಿಕೆಯ ಒಂದು ಪಾಲನ್ನು ಕಾರು ತಾನೇ ಪುಕ್ಕಟೆಯಾಗಿ ಕೊಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. 40 ಹರ್ಟ್ಸ್‌ನ ಅಲೆಯ ಉದ್ದ 8.6 ಮೀಟರ್. ಡ್ಯಾಶ್‌ಬೋರ್ಡಿನಿಂದ ಡಿಕ್ಕಿ ಬಾಗಿಲವರೆಗೆ ಇರುವುದು 2.7 ಮೀಟರ್. ಅರ್ಧ ಅಲೆಯೂ ಹಿಡಿಸದ ಜಾಗದಲ್ಲಿ, ಇಲ್ಲಿ ಸುಮಾರು 63 ಹರ್ಟ್ಸ್‌ನಿಂದ ಕೆಳಗೆ, ಸ್ಪೀಕರ್ ಇಡೀ ಕ್ಯಾಬಿನ್ನಿನ ಗಾಳಿಯನ್ನು ಪಂಪಿನಂತೆ ಒತ್ತುತ್ತದೆ. ಸ್ವರದ ಆವರ್ತನ ಅರ್ಧಕ್ಕೆ ಇಳಿದಾಗ ಸಿದ್ಧಾಂತದ ಪ್ರಕಾರ ಸಿಗುವ ಏರಿಕೆ 12 ಡೆಸಿಬಲ್, 16 ಪಟ್ಟು ಶಕ್ತಿಗೆ ಸಮ. ಕಿಟಕಿ, ಬಾಗಿಲ ಸೋರಿಕೆಯಲ್ಲಿ ಅರ್ಧ ಹೋಗಿ 6 ಡೆಸಿಬಲ್ ದಕ್ಕಿದರೂ 300 ವ್ಯಾಟ್ 1,200ರ ಕೆಲಸ ಮಾಡುತ್ತದೆ.

ಪೆಟ್ಟಿಗೆಗೆ 8 ಗಂಟೆ ಹಿಡಿಯಿತು. ಸ್ಪೀಕರ್ ಕೈಪಿಡಿ ಕೇಳಿದ್ದು 28 ಲೀಟರ್ ಮುಚ್ಚಿದ ಜಾಗ. ಒಳ ಅಳತೆ 40, 35, 22 ಸೆಂ.ಮೀ. ಇಟ್ಟರೆ 30.8 ಲೀಟರ್, ಸ್ಪೀಕರ್ ನುಂಗುವ 2.5 ಕಳೆದರೆ 28.3. ಹಲಗೆಯ 18 ಮಿ.ಮೀ. ದಪ್ಪ ಸೇರಿ ಹೊರಗಿನ ಗಾತ್ರ 43 ಲೀಟರ್. ಸ್ವಿಫ್ಟ್‌ನ 268 ಲೀಟರ್ ಡಿಕ್ಕಿಯಲ್ಲಿ ಇದು ಶೇ. 16. ಊರಿಗೆ ಹೊರಟಾಗ ಒಂದು ಅಕ್ಕಿಮೂಟೆಯ ಜಾಗ ಹೋಯಿತೆಂದು ಮನೆಯವರು ಹೇಳುವುದು ಹೆಚ್ಚುಕಡಿಮೆ ಸರಿಯಾದ ಅಳತೆ. ಕೀಲುಗಳ ಒಳಬದಿಗೆ ಸಿಲಿಕಾನ್ ಬಳಿದು, ಕೋನ್ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ಬಿಟ್ಟೆ. ಅದು ತಟ್ಟನೆ ಹಿಂದಿರುಗದೆ ತಡೆದು ತಡೆದು ಮೇಲೆ ಬಂದಾಗ ಪೆಟ್ಟಿಗೆ ಸೋರುತ್ತಿಲ್ಲವೆಂದು ತಿಳಿಯಿತು.

ಆಂಪ್ಲಿಫೈಯರ್‌ನ ಗೇನ್ ತಿರುಪು ಶಬ್ದ ಹೆಚ್ಚಿಸುವ ಗುಂಡಿಯಲ್ಲ. ಬರುವ ಸಂಕೇತದ ಮಟ್ಟಕ್ಕೆ ಆಂಪ್ಲಿಫೈಯರನ್ನು ಹೊಂದಿಸುವುದಕ್ಕೆ ಇರುವುದು. ಕಿವಿಯ ಅಂದಾಜಿನಲ್ಲಿ ತಿರುಗಿಸಿದರೆ ಸ್ಪೀಕರ್ ಸುಡಬಹುದು. 300 ವ್ಯಾಟ್, 4 ಓಮ್‌ಗೆ ಬೇಕಾದದ್ದು ಇವೆರಡರ ಗುಣಲಬ್ಧದ ವರ್ಗಮೂಲ: 34.6 ವೋಲ್ಟ್. ಸ್ಪೀಕರ್ ಬಿಚ್ಚಿ, ಸ್ಟೀರಿಯೊವನ್ನು ಮುಕ್ಕಾಲು ಶಬ್ದಕ್ಕಿಟ್ಟು, 50 ಹರ್ಟ್ಸ್ ಸ್ವರ ನುಡಿಸಿ, ಮಲ್ಟಿಮೀಟರ್ ಆ ಅಂಕಿ ತೋರಿಸುವವರೆಗೆ ತಿರುಪು ತಿರುಗಿಸಿದೆ. ಮೀಟರಿನ ಬೆಲೆ 450 ರೂ., ಸ್ಪೀಕರಿನದು 4,800.

ನಡೆಸುವ ಖರ್ಚಿನಲ್ಲಿ ತೂಕಕ್ಕಿಂತ ವಿದ್ಯುತ್ ಭಾರ. ಒಟ್ಟು 16.2 ಕೆ.ಜಿ. ಸೇರಿದೆ. 45 ಕೆ.ಜಿ.ಗೆ ಮೈಲೇಜ್ ಶೇ. 1 ಇಳಿಯುತ್ತದೆಂಬ ರೂಢಿಯ ಸೂತ್ರದಂತೆ, ಲೀಟರಿಗೆ 18 ಕಿ.ಮೀ. ಕೊಡುವ ಕಾರು ವರ್ಷಕ್ಕೆ 10,000 ಕಿ.ಮೀ. ಓಡಿದರೆ ಹೆಚ್ಚುವರಿ ಪೆಟ್ರೋಲ್ 2 ಲೀಟರ್. ಲೀಟರಿಗೆ 103 ರೂ. ಎಂದರೆ 206 ರೂ. ವಿದ್ಯುತ್ತಿನ ಲೆಕ್ಕ ಬೇರೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 8.9 ಯೂನಿಟ್ ಶಕ್ತಿಯಿದೆ. ಎಂಜಿನ್ ಅದರ ಕಾಲು ಭಾಗವನ್ನು, ಆಲ್ಟರ್ನೇಟರ್ ಆ ಕಾಲು ಭಾಗದಲ್ಲಿ ಶೇ. 55ನ್ನು ಮಾತ್ರ ದಾಟಿಸುತ್ತದೆ ಎಂದು ಹಿಡಿದರೆ ಕಾರಿನೊಳಗಿನ ಒಂದು ಯೂನಿಟ್ ವಿದ್ಯುತ್ತಿಗೆ 84 ರೂ. ಬೀಳುತ್ತದೆ. ಮನೆಯ ಮೀಟರಿನಲ್ಲಿ ಅದೇ ಯೂನಿಟ್ 6 ರೂ. ಆಸುಪಾಸು. ಹಾಡಿನ ಸರಾಸರಿ ಎಳೆತ 60 ವ್ಯಾಟ್, ವರ್ಷಕ್ಕೆ 167 ಗಂಟೆ ಎಂದರೆ 10 ಯೂನಿಟ್, 840 ರೂ. ಎಂಜಿನ್ ನಿಲ್ಲಿಸಿ ಕೇಳುವವರಿಗೆ ಇನ್ನೊಂದು ಮಿತಿಯಿದೆ: 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬಹುದೆಂದರೆ, ಸ್ಟೀರಿಯೊ ಸೇರಿ 6.5 ಆಂಪಿಯರ್ ಎಳೆತಕ್ಕೆ ಸುಮಾರು 2.7 ಗಂಟೆಯಲ್ಲಿ ಅದು ಮುಗಿಯುತ್ತದೆ.

ಇನ್ನು ವಿಮೆ. ಕಾರಿನ ಪಾಲಿಸಿಯಲ್ಲಿ ನಮೂದಿಸದ ಹೊರಗಿನ ವಿದ್ಯುತ್ ಉಪಕರಣಕ್ಕೆ ವಿಮೆ ಸಿಗುವುದಿಲ್ಲ. ಇಂಡಿಯಾ ಮೋಟಾರ್ ಟ್ಯಾರಿಫ್‌ನ ಐಎಂಟಿ-24 ಷರತ್ತಿನಂತೆ ದರ ಬೆಲೆಯ ಶೇ. 4. ನನ್ನ 12,400 ರೂ. ಸಾಮಾನಿಗೆ 496, ಶೇ. 18 ಜಿಎಸ್‌ಟಿ ಸೇರಿ 585 ರೂ. ಕಳ್ಳತನವಾದರೆ ಹೋಗುವ ಮೊತ್ತದ ಮುಂದೆ ಇದು ಇಪ್ಪತ್ತೊಂದರಲ್ಲಿ ಒಂದು ಪಾಲು.

ಕಾರಿನ ಹೊರಗೆ ಕೇಳುವ ಶಬ್ದಕ್ಕೂ ಮಿತಿಯಿದೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇಟ್ಟಿವೆ. ಅಳತೆ ‘ಎ’ ಮಾಪನದಲ್ಲಿ, ಅಂದರೆ ಕಿವಿಯ ಸೂಕ್ಷ್ಮತೆಗೆ ತಕ್ಕಂತೆ ತಗ್ಗಿನ ಸ್ವರಗಳನ್ನು ಕಡಿತ ಮಾಡಿ. 40 ಹರ್ಟ್ಸ್‌ನಲ್ಲಿ ಆ ಕಡಿತ 34.6 ಡೆಸಿಬಲ್. ಪಕ್ಕದ ಮನೆಯ ಕಿಟಕಿ ಗಾಜನ್ನು ನಡುಗಿಸುವ 90 ಡೆಸಿಬಲ್ ಬೇಸ್ ಮೀಟರಿನಲ್ಲಿ 55.4 ಎಂದೇ ಕಾಣುತ್ತದೆ. ಗೋಡೆ ತಡೆಯಲಾರದ್ದು ಈ ಸ್ವರವನ್ನೇ. ನಮ್ಮ ಬೀದಿಯಲ್ಲಿ ಹಸುಗೂಸಿರುವ ಮನೆ ಎರಡಿವೆ. ತಿರುವಿನಲ್ಲೇ ನನ್ನ ಬೇಸ್ ಗುಂಡಿ ಸೊನ್ನೆಗೆ ಬರುತ್ತದೆ.

ಜೋಡಿಸಿ ಆರು ತಿಂಗಳಾದ ಮೇಲೆ, ಒಂದು ಮಳೆಗಾಲ ಕಳೆದು, ಅದೇ ಅರ್ತ್ ಬೋಲ್ಟಿನಲ್ಲಿ ಮತ್ತೆ ಅಳೆದೆ. 0.06 ಇದ್ದದ್ದು 0.11 ವೋಲ್ಟ್ ಆಗಿತ್ತು. ಬೋಲ್ಟ್ ಅರ್ಧ ಸುತ್ತು ಬಿಗಿಯಾಯಿತು, ಅಂಚಿನ ತುಕ್ಕು ಒರೆಸಿ ಗ್ರೀಸ್ ಹಚ್ಚಿದೆ. ಮೀಟರ್ 0.06ಕ್ಕೆ ಮರಳಿತು. ಹಿಡಿದ ಸಮಯ 4 ನಿಮಿಷ.