ಉದ್ಯಾನದ ಬೀಗ

ಬೆಂಗಳೂರಿನ ಬಡಾವಣೆಗಳ ಉದ್ಯಾನಗಳಲ್ಲಿ ಬಹುಕಾಲ ಒಂದು ವಿಚಿತ್ರ ಪದ್ಧತಿಯು ರೂಢಿಯಲ್ಲಿದ್ದಿತು. ಬೆಳಗಿನ ವಾಯುಸೇವನೆ ಮುಗಿದೊಡನೆ ಬಾಗಿಲಿಗೆ ಬೀಗ ಬೀಳುವುದು; ಇಳಿಹೊತ್ತಿನವರೆಗೆ ಅದು ತೆರೆಯದು. ಇದರಿಂದ ನೆರೆಯ ಗೃಹಸ್ಥರಿಗೆ ಯಾವ ಅಡಚಣೆಯೂ ಇರಲಿಲ್ಲ. ಬಿಸಿಲಿನ ಹೊತ್ತಿನಲ್ಲಿ ಮರದ ನೆರಳನ್ನು ಅರಸುವವರು ಬೇರೆಯೇ ಜನ: ಬೀದಿ ಗುಡಿಸಿ ದಣಿದ ಪೌರಕಾರ್ಮಿಕರು, ಕಟ್ಟಡದ ಕೂಲಿಗಳು, ಮನೆಮನೆಗೆ ಸಾಮಾನು ಮುಟ್ಟಿಸುವ ತರುಣರು. ಅವರು ಹೊರಗಣ ಕಾಲುದಾರಿಯಲ್ಲಿ ಬುತ್ತಿ ಬಿಚ್ಚುತ್ತಿದ್ದರೆ, ಒಳಗಿನ ಕಲ್ಲಾಸನಗಳು ಬರಿದಾಗಿರುತ್ತಿದ್ದವು.

2024ರ ಜೂನ್ ತಿಂಗಳಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ತನ್ನ ಉದ್ಯಾನಗಳನ್ನು ಬೆಳಗಿನ 5 ಗಂಟೆಯಿಂದ ರಾತ್ರಿ 10ರವರೆಗೆ ತೆರೆದಿಡತಕ್ಕದ್ದೆಂದು ಅಪ್ಪಣೆ ಮಾಡಿತು. ಸ್ತುತ್ಯವಾದ ಕಾರ್ಯವೇ. ಆದರೆ 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಹೋಗಿ ಐದು ನಗರಪಾಲಿಕೆಗಳು ಬಂದಿವೆ. ಅಪ್ಪಣೆಯಿತ್ತ ಸಂಸ್ಥೆಯು ಇಲ್ಲದಿರುವಾಗ ಬೀಗದ ಕೈ ಯಾರ ಸೊಂಟದಲ್ಲಿದೆಯೆಂದು ವಿಚಾರಿಸುವುದು ಅನುಚಿತವಾಗಲಾರದು.

ಇಂತಹ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು ಹಳ್ಳಿಯ ಅರಳಿಕಟ್ಟೆಯನ್ನು ಕೊಂಡಾಡುವರು. ಕಟ್ಟೆಗೆ ಬಾಗಿಲೂ ಇರಲಿಲ್ಲ, ಬೀಗವೂ ಇರಲಿಲ್ಲ, ನಿಜ. ಆದರೆ ಅದರ ಮೇಲೆ ಊರಿನ ಎಲ್ಲರೂ ಕುಳಿತಿದ್ದರೆ? ಹೊಲಗೇರಿಯವನು ದೂರ ನಿಂತೇ ಮಾತನಾಡಬೇಕಾಗಿತ್ತೆಂಬುದನ್ನು ಮರೆತು ಕಟ್ಟೆಯ ಗುಣಗಾನ ಮಾಡುವುದು ಅರ್ಧಸತ್ಯ. ಕಾಣದ ಬೀಗವನ್ನು ತೆಗೆಯುವುದು ಕಬ್ಬಿಣದ್ದಕ್ಕಿಂತ ಕಷ್ಟ.

ಮಹಾಡದ ಚವದಾರ ಕೆರೆಯ ಕಥೆಯು ಇದಕ್ಕೆ ಸಾಕ್ಷಿ. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಸೇರಿದ್ದ ಮುಂಬಯಿ ಪ್ರಾಂತದ ಶಾಸನಸಭೆಯು 1923ರಲ್ಲಿಯೇ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತವೆಂದು ಗೊತ್ತುವಳಿ ಮಾಡಿತ್ತು. ಮಹಾಡದ ಪುರಸಭೆಯೂ ಮರುವರ್ಷ ಅದನ್ನು ಅಂಗೀಕರಿಸಿತು. ಕಾಗದದಲ್ಲಿ ಕೆರೆ ತೆರೆಯಿತು. ನೀರಿಗೆ ಇಳಿಯುವ ಧೈರ್ಯ ಯಾರಿಗೂ ಬರಲಿಲ್ಲ. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡಕರರು ಸಾವಿರಾರು ಜನರೊಡನೆ ನಡೆದು ಆ ನೀರನ್ನು ಮುಟ್ಟಿ ಕುಡಿದರು. ಪ್ರತಿಯಾಗಿ ಹಲ್ಲೆ ನಡೆಯಿತು, ಕೆರೆಗೆ ಶುದ್ಧಿಯೂ ನಡೆಯಿತು. ಮೇಲ್ಜಾತಿಯವರು ಹೂಡಿದ ವ್ಯಾಜ್ಯವು ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಅಂಬೇಡಕರರ ಪರವಾಗಿ ಮುಗಿದುದು 1937ರಲ್ಲಿ. ಗೊತ್ತುವಳಿಗೂ ತೀರ್ಪಿಗೂ ನಡುವೆ ಹದಿನಾಲ್ಕು ವರ್ಷ!

ಉದ್ಯಾನದ ಬೀಗವನ್ನು ಆ ಅನ್ಯಾಯಕ್ಕೆ ಸರಿಗಟ್ಟುವುದು ನಮ್ಮ ಉದ್ದೇಶವಲ್ಲ. ಆದರೂ ತೆರೆದಿಟ್ಟರೆ ಪುಂಡರು ಸೇರುವರು, ಹುಲ್ಲು ಕೆಡುವುದು ಎಂಬ ನೆರೆಯವರ ಆಕ್ಷೇಪದಲ್ಲಿ ಹಳೆಯ ಶಂಕೆಯ ವಾಸನೆಯು ಇದ್ದೇ ಇದೆ. ಹುಲ್ಲು ಮತ್ತೆ ಚಿಗುರೀತು. ಒಂದೇ ಬೀದಿಯಲ್ಲಿ ಹತ್ತು ವರ್ಷ ದುಡಿದರೂ ಅಲ್ಲಿಯ ಮನೆಯವರಿಗೆ ಹೆಸರು ತಿಳಿಯದ ಪೌರಕಾರ್ಮಿಕಳು ಅವರೊಡನೆ ಸರಿಸಮವಾಗಿ ಕುಳಿತುಕೊಳ್ಳಬಹುದಾದ ಸ್ಥಳವು ಊರಿನಲ್ಲಿ ಬೇರೆಲ್ಲಿದೆ?

ನೂತನ ಪಾಲಿಕೆಗಳ ಅಧಿಕಾರಿಗಳು ಒಂದು ದಿನ, ಮುನ್ಸೂಚನೆ ಕೊಡದೆ, ಮಧ್ಯಾಹ್ನ ಒಂದು ಗಂಟೆಗೆ ತಮ್ಮ ವ್ಯಾಪ್ತಿಯ ಉದ್ಯಾನಗಳಿಗೆ ಹೋಗಿ ಬರಲಿ. ಬಾಗಿಲು ತೆರೆದಿದೆಯೆ, ನಲ್ಲಿಯಲ್ಲಿ ನೀರಿದೆಯೆ, ಸ್ತ್ರೀಯರಿಗೆ ಶೌಚಗೃಹವಿದೆಯೆ, ಬುತ್ತಿ ಬಿಚ್ಚಿದವರನ್ನು ಕಾವಲುಗಾರನು ಎಬ್ಬಿಸುತ್ತಿರುವನೆ ಎಂಬುದನ್ನು ಕಣ್ಣಾರೆ ಕಂಡು ಬರೆದುಕೊಳ್ಳಲಿ. ಕಾರಂಜಿಗಳ ಅಂದಾಜುಪಟ್ಟಿಯನ್ನು ಆಮೇಲೆ ನೋಡಬಹುದು.