ಅಧಿಕೃತ ಭಾಷೆ ಎಂಬ ಪರಿಕಲ್ಪನೆ: ಸ್ಪ್ಯಾನಿಶ್ ಜಗತ್ತು ಮತ್ತು ಜಮಖಂಡಿ–ಮುಧೋಳ ಪರಿಸರ

1. ಪ್ರವೇಶ

ಸ್ಪ್ಯಾನಿಶ್ 20 ಸಾರ್ವಭೌಮ ರಾಷ್ಟ್ರಗಳ ಅಧಿಕೃತ ಭಾಷೆ ಎಂಬ ಹೇಳಿಕೆ ಸಮಾಜಭಾಷಾವಿಜ್ಞಾನದ ಚರ್ಚೆಗಳಲ್ಲಿ ಪದೇ ಪದೇ ಬರುತ್ತದೆ. ಕನ್ನಡ ಕರ್ನಾಟಕದ ಅಧಿಕೃತ ಭಾಷೆ ಎಂಬುದು ಅಷ್ಟೇ ಪರಿಚಿತವಾದ ಇನ್ನೊಂದು ಹೇಳಿಕೆ. ಎರಡರಲ್ಲಿಯೂ ‘ಅಧಿಕೃತ’ ಎಂಬ ವಿಶೇಷಣವು ಭಾಷೆಗೆ ಅಂಟಿಕೊಂಡ ಒಂದು ಸ್ಥಿರ ಗುಣದಂತೆ ತೋರುತ್ತದೆ. ಆದರೆ ಅಧಿಕೃತತೆಯು ಭಾಷೆಯ ಗುಣವಲ್ಲ. ಅದು ಒಂದು ಭಾಷೆ, ಒಂದು ಸಂಸ್ಥೆ ಮತ್ತು ಒಂದು ಕಾರ್ಯ ಇವುಗಳ ನಡುವಣ ಸಂಬಂಧ. ಸಂಸ್ಥೆ ಅಥವಾ ಕಾರ್ಯ ಬದಲಾದರೆ ಸಂಬಂಧವೂ ಬದಲಾಗುತ್ತದೆ. ಈ ಮಾತನ್ನು ಸ್ಪ್ಯಾನಿಶ್ ಜಗತ್ತಿನ ಕೆಲವು ಉದಾಹರಣೆಗಳಿಂದ ವಿವರಿಸಿ, ಬಳಿಕ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಪರಿಸರಕ್ಕೆ ಅನ್ವಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮೂರು ಅರ್ಥಗಳು

ರಾಬರ್ಟ್ ಕೂಪರ್ 1989ರಲ್ಲಿ ಪ್ರಕಟವಾದ ತಮ್ಮ ಭಾಷಾಯೋಜನೆಯ ಕೃತಿಯಲ್ಲಿ ಅಧಿಕೃತ ಭಾಷೆಯ ಮೂರು ಅರ್ಥಗಳನ್ನು ಬೇರ್ಪಡಿಸುತ್ತಾರೆ. ಕಾನೂನು ಹೆಸರಿಸಿ ಘೋಷಿಸಿದುದು ಶಾಸನಬದ್ಧ ಭಾಷೆ; ಸರ್ಕಾರವು ದಿನನಿತ್ಯದ ವ್ಯವಹಾರದಲ್ಲಿ ಬಳಸುವುದು ಕಾರ್ಯಭಾಷೆ; ಪ್ರಭುತ್ವದ ಗುರುತಾಗಿ ನಿಲ್ಲುವುದು ಸಾಂಕೇತಿಕ ಭಾಷೆ. ಒಂದೇ ಭಾಷೆ ಮೂರೂ ಸ್ಥಾನಗಳನ್ನು ತುಂಬಬಹುದು. ಮೂರನ್ನು ಬೇರೆ ಬೇರೆ ಭಾಷೆಗಳು ಹಂಚಿಕೊಳ್ಳಲೂಬಹುದು. ಹೈನ್ಸ್ ಕ್ಲಾಸ್ 1969ರಲ್ಲಿ ಮಾಡಿದ ಸ್ಥಾನಮಾನ ಯೋಜನೆ ಮತ್ತು ಸ್ವರೂಪ ಯೋಜನೆ ಎಂಬ ವಿಭಜನೆಯನ್ನು ಇದರೊಡನೆ ಇಟ್ಟು ನೋಡಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ: ಸ್ಥಾನಮಾನ ಪಡೆದ ಭಾಷೆಯ ಯಾವ ರೂಪ, ಯಾವ ಪದಕೋಶ ಕಚೇರಿಯನ್ನು ಪ್ರವೇಶಿಸುತ್ತದೆ?

3. ಸ್ಪ್ಯಾನಿಶ್: ಒಂದು ಹೆಸರು, ಹಲವು ಸ್ಥಿತಿಗಳು

ಸ್ಪೇನಿನ 1978ರ ಸಂವಿಧಾನದ 3ನೆಯ ವಿಧಿಯು ಕ್ಯಾಸ್ಟಿಲಿಯನ್ನನ್ನು ರಾಷ್ಟ್ರದ ಅಧಿಕೃತ ಭಾಷೆಯೆಂದು ಘೋಷಿಸಿ, ಅದನ್ನು ಅರಿಯುವುದು ಪ್ರಜೆಗಳ ಕರ್ತವ್ಯವೆಂದೂ ಬಳಸುವುದು ಅವರ ಹಕ್ಕೆಂದೂ ಹೇಳುತ್ತದೆ. ಉಳಿದ ಭಾಷೆಗಳಿಗೆ ಸ್ವಾಯತ್ತ ಪ್ರದೇಶಗಳಲ್ಲಿ ಅಧಿಕೃತ ಸ್ಥಾನದ ಅವಕಾಶ ನೀಡುತ್ತದೆ. ಇದು ಮೂರೂ ಅರ್ಥಗಳು ಕೂಡಿದ ಮಾದರಿ. ಆದರೆ ಸ್ಪ್ಯಾನಿಶ್ ಮಾತನಾಡುವವರು ಅತಿ ಹೆಚ್ಚು ಸಂಖ್ಯೆಯಲ್ಲಿರುವ ಮೆಕ್ಸಿಕೋದ ಸಂವಿಧಾನವು ಅದನ್ನು ಅಧಿಕೃತ ಭಾಷೆಯೆಂದು ಘೋಷಿಸುವುದಿಲ್ಲ. ಅಲ್ಲಿನ 2003ರ ಭಾಷಿಕ ಹಕ್ಕುಗಳ ಕಾನೂನು ಮೂಲನಿವಾಸಿ ಭಾಷೆಗಳನ್ನೂ ಸ್ಪ್ಯಾನಿಶನ್ನೂ ಸಮಾನವಾಗಿ ರಾಷ್ಟ್ರೀಯ ಭಾಷೆಗಳೆಂದು ಕರೆಯುತ್ತದೆ. ಅರ್ಜೆಂಟೀನಾ, ಚಿಲಿ, ಉರುಗ್ವೆಗಳಲ್ಲಿಯೂ ಸ್ಪ್ಯಾನಿಶ್ ಸಂವಿಧಾನದ ಘೋಷಣೆಯಿಲ್ಲದೆ ರೂಢಿಬಲದಿಂದ ಆಳುತ್ತಿರುವ ಕಾರ್ಯಭಾಷೆ. ಗಟ್ಟಿಯಾಗಿ ಬೇರೂರಿದ ಭಾಷೆಗೆ ಶಾಸನದ ಆಸರೆ ಬೇಕಾಗುವುದೇ ಇಲ್ಲ ಎಂಬುದನ್ನು ಈ ರಾಷ್ಟ್ರಗಳು ತೋರಿಸುತ್ತವೆ.

ಪರಾಗ್ವೆಯದು ಇದಕ್ಕೆ ವಿರುದ್ಧ ದಿಕ್ಕಿನ ಪಾಠ. 1992ರ ಸಂವಿಧಾನವು ಸ್ಪ್ಯಾನಿಶ್ ಮತ್ತು ಗ್ವಾರಾನಿ ಎರಡಕ್ಕೂ ಅಧಿಕೃತ ಸ್ಥಾನ ನೀಡಿತು. ಗ್ವಾರಾನಿ ಬಹುಸಂಖ್ಯಾತರ ಮಾತು. ಆದರೂ ಬರಹದ ಆಡಳಿತದಲ್ಲಿ ಸ್ಪ್ಯಾನಿಶಿನದೇ ಮೇಲುಗೈ. ಶಾಸನದಲ್ಲಿ ಸಮಾನವಾದುದು ಕಾರ್ಯದಲ್ಲಿ ಅಸಮಾನ.

ಪ್ರಸ್ತುತ ಚರ್ಚೆಗೆ ಹೆಚ್ಚು ಉಪಯುಕ್ತವಾದುದು ಫಿಲಿಪೀನ್ಸಿನ ಪ್ರಸಂಗ. ಅಲ್ಲಿ 1935ರ ಸಂವಿಧಾನವು ಇಂಗ್ಲಿಷಿನೊಡನೆ ಸ್ಪ್ಯಾನಿಶಿಗೂ ಅಧಿಕೃತ ಸ್ಥಾನ ನೀಡಿತ್ತು. 1973ರ ಸಂವಿಧಾನವು ಸ್ಪ್ಯಾನಿಶನ್ನು ಕೈಬಿಟ್ಟಿತು. ಆದರೆ ಅದೇ ವರ್ಷದ 155ನೆಯ ಅಧ್ಯಕ್ಷೀಯ ಆದೇಶವು ಆ ಸ್ಥಾನವನ್ನು ಮರಳಿ ನೀಡಿತು. ಕಾರಣ ಮಾತನಾಡುವವರ ಸಂಖ್ಯೆಯಲ್ಲ. ಸರ್ಕಾರಿ ಕಡತಗಳಲ್ಲಿನ ಮಹತ್ವದ ದಾಖಲೆಗಳು ಸ್ಪ್ಯಾನಿಶಿನಲ್ಲಿದ್ದು ಇನ್ನೂ ಅನುವಾದಗೊಂಡಿರಲಿಲ್ಲ. ಅಲ್ಲಿ ಸ್ಥಾನಮಾನವು ಬಾಯಿಗೆ ಸಂದುದಲ್ಲ, ಕಡತಕ್ಕೆ ಸಂದುದು. 1987ರ ಸಂವಿಧಾನದೊಂದಿಗೆ ಆ ಸ್ಥಾನವೂ ಕೊನೆಗೊಂಡು, ಸ್ಪ್ಯಾನಿಶ್ ಐಚ್ಛಿಕ ಪ್ರೋತ್ಸಾಹಕ್ಕೆ ಅರ್ಹವಾದ ಭಾಷೆಯಾಗಿ ಉಳಿಯಿತು.

4. ಕೃಷ್ಣಾ–ಘಟಪ್ರಭಾ ಪರಿಸರದ ಆಡಳಿತಗಳು

ಜಮಖಂಡಿ–ಮುಧೋಳ ಪರಿಸರದಲ್ಲಿ ಕನ್ನಡದ ಬೇರುಗಳು ಆಳವಾಗಿವೆ. ಹತ್ತನೆಯ ಶತಮಾನದ ರನ್ನ ಮುಧೋಳದವನು. ಆದರೆ ಸಾಹಿತ್ಯದ ಪ್ರತಿಷ್ಠೆಯೇ ಆಡಳಿತದ ಸ್ಥಾನವಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಅಕ್ಕಪಕ್ಕದ ಊರುಗಳು ನಾಲ್ಕು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಬಾಡಗಂಡಿಯನ್ನು ಒಳಗೊಂಡ ಬೀಳಗಿ ಸೀಮೆ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿತ್ತು. ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳುತ್ತಿದ್ದರು. ಇಂದು ಒಂದೇ ಹೆಸರಿನಲ್ಲಿ ಕೂಡಿರುವ ಜೋಡಿ ನಗರಗಳಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೆ, ಬನಹಟ್ಟಿ ಜಮಖಂಡಿಗೆ ಸೇರಿದ್ದವು.

ನಾಲ್ಕರಲ್ಲಿಯೂ ಬಹುಪಾಲು ಪ್ರಜೆಗಳ ಮನೆಮಾತು ಕನ್ನಡವೇ. ಆದರೆ ಸಂಸ್ಥಾನಗಳ ದರಬಾರು ಮತ್ತು ಕಚೇರಿಗಳಲ್ಲಿ ಮರಾಠಿಗೆ ಅಗ್ರಸ್ಥಾನವಿತ್ತು. ಅದರ ಕೈಬರಹ ಮೋಡಿ ಲಿಪಿಯದು. ಬ್ರಿಟಿಷ್ ಜಿಲ್ಲೆಗಳಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಶಾಲೆ ಮತ್ತು ಲೆಕ್ಕಪತ್ರಗಳಲ್ಲಿ ಮರಾಠಿಯದೇ ಪ್ರಾಬಲ್ಯ. ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಕನ್ನಡ ಶಾಲೆಗಳು ಹಬ್ಬಿದವು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಮೇಲಿನ ಹಂತದ ಆಡಳಿತ ಮಾತ್ರ ಇಂಗ್ಲಿಷಿನಲ್ಲಿತ್ತು. ಹೀಗೆ ಭಾಷಿಕ ಸಮುದಾಯ ಒಂದೇ ಆದರೂ ಕಚೇರಿಯೆದುರು ಅದರ ಸ್ಥಾನ ಗಡಿಯಿಂದ ಗಡಿಗೆ ಬದಲಾಗುತ್ತಿತ್ತು.

1948ರ ಮಾರ್ಚ್ 8ರಂದು ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಾಗ ಗಡಿಗಳು ಅಳಿದವು. 1956ರ ನವೆಂಬರ್ 1ರಂದು ಈ ಭಾಗವು ಮೈಸೂರು ರಾಜ್ಯಕ್ಕೆ ಸೇರಿತು. ಸಂವಿಧಾನದ 345ನೆಯ ವಿಧಿ ರಾಜ್ಯಗಳಿಗೆ ನೀಡಿದ ಅಧಿಕಾರದಡಿ 1963ರ ಅಧಿಕೃತ ಭಾಷಾ ಅಧಿನಿಯಮವು ಕನ್ನಡಕ್ಕೆ ಶಾಸನಬದ್ಧ ಸ್ಥಾನ ನೀಡಿತು. ಇಂಗ್ಲಿಷಿನ ಮುಂದುವರಿಕೆಗೂ ಎಡೆಯಿಟ್ಟಿತು.

5. ಸ್ಥಾನಮಾನ ಹೋದ ಮೇಲೆ ಉಳಿಯುವುದು

ಶಾಸನವು ಭಾಷೆಯನ್ನು ಬದಲಿಸಿತು. ಪದಗಳನ್ನು ಮತ್ತು ಕಡತಗಳನ್ನು ಬದಲಿಸಲಿಲ್ಲ. ಮೊದಲು ಪದಗಳನ್ನು ನೋಡೋಣ. ಏಕೀಕರಣಪೂರ್ವದಲ್ಲಿ ತಾಲ್ಲೂಕಿನ ಅಧಿಕಾರಿ ಮುಂಬಯಿ ಕರ್ನಾಟಕದಲ್ಲಿ ‘ಮಾಮಲೇದಾರ’, ಮೈಸೂರಿನಲ್ಲಿ ‘ಅಮಲ್ದಾರ’. ಬಳಿಕ ಎರಡೂ ಕಡೆ ‘ತಹಶೀಲ್ದಾರ’. ಗ್ರಾಮದ ಕಂದಾಯ ನೌಕರನಿಗೆ ಇಂದಿನ ಸರ್ಕಾರಿ ಹೆಸರು ಯಾವುದೇ ಇರಲಿ, ಬೀಳಗಿ, ಜಮಖಂಡಿಗಳ ರೈತರ ಬಾಯಲ್ಲಿ ಆತ ‘ತಲಾಠಿ’. ಗಣಕೀಕೃತ ಭೂದಾಖಲೆಯ ಹೆಸರು ‘ಪಹಣಿ’. ಆಡುಮಾತಿನಲ್ಲಿ ಅದು ‘ಉತಾರ’. ಆಸ್ತಿಯ ವಿಭಾಗ ಪತ್ರ ಇಲ್ಲಿ ‘ವಾಟ್ನಿ ಪತ್ರ’.

ಈ ಪದಗಳು ಮರಾಠಿಯ ಅಧಿಕೃತ ಪದಕೋಶದಿಂದ ಬಂದವು. ಮರಾಠಿ ಸ್ಥಾನ ಕಳೆದುಕೊಂಡಾಗ ಅದರ ಕಚೇರಿಪದಗಳು ಮಾಯವಾಗಲಿಲ್ಲ. ಕನ್ನಡದ ಆಡುಮಾತಿಗೆ ಇಳಿದುಬಂದವು. ಇಲ್ಲಿ ಒಂದು ವಿಪರ್ಯಾಸವಿದೆ: ಪರಭಾಷೆಯ ಪದವೇ ಮನೆಯ ಪದ, ‘ಶುದ್ಧ’ ಕನ್ನಡದ ಪದವೇ ಕಚೇರಿಯ ಅಪರಿಚಿತ ಪದ. ಫರ್ಗ್ಯುಸನ್ 1959ರಲ್ಲಿ ವಿವರಿಸಿದ ದ್ವಿಸ್ತರ ಸ್ಥಿತಿಯಲ್ಲಿ ಮೇಲಿನ ಮತ್ತು ಕೆಳಗಿನ ರೂಪಗಳು ಒಂದೇ ಭಾಷೆಯವು. ಇಲ್ಲಿ ಕೆಳಸ್ತರದ ಒಂದು ಪದರವು ಹಿಂದಿನ ಮೇಲ್ಸ್ತರದ ಅವಶೇಷ. ಗಡಿಯಾಚೆಯ ಜತ್ತ ಮತ್ತು ಅಕ್ಕಲಕೋಟೆ ತಾಲ್ಲೂಕುಗಳ ಕನ್ನಡಿಗರಲ್ಲಿಯೂ ‘ಉತಾರ’ ಬಳಕೆಯಲ್ಲಿದೆ. ಆದರೆ ಮಹಾರಾಷ್ಟ್ರದಲ್ಲಿ ಅದು ಕಚೇರಿಯದೇ ಪದ. ಒಂದೇ ಪದ ಗಡಿಯ ಒಂದು ಬದಿ ಅಧಿಕೃತ, ಇನ್ನೊಂದು ಬದಿ ಆಡುಮಾತು. ಫಿಲಿಪಿನೋ ಭಾಷೆಯಲ್ಲಿಯೂ ಪುರಭವನಕ್ಕೆ ‘ಮುನಿಸಿಪ್ಯೋ’, ವಕೀಲನಿಗೆ ‘ಅಬೊಗಾಡೊ’ ಎಂಬ ಸ್ಪ್ಯಾನಿಶ್ ಮೂಲದ ಪದಗಳು ಉಳಿದಿವೆ. ಅಧಿಕೃತ ಸ್ಥಾನಕ್ಕಿಂತ ಅಧಿಕೃತ ಪದಕ್ಕೆ ಆಯುಷ್ಯ ಹೆಚ್ಚು.

ಎರಡನೆಯದು ಕಡತ. ಮೋಡಿ ಲಿಪಿಯ ಹಳೆಯ ಪತ್ರಗಳು ಇನಾಮು, ವಾಟ್ನಿ, ಖರೇದಿಗಳ ಮೂಲ ಸಾಕ್ಷ್ಯಗಳು. ಹಕ್ಕುದಾರರು ಅವನ್ನು ಓದಲಾರರು. ಕನ್ನಡದಲ್ಲಿ ತರಬೇತಾದ ನೌಕರರೂ ಓದಲಾರರು. ಲಿಪಿ ಬಲ್ಲ ಕೆಲವೇ ಜನರ ಓದೇ ಇಂಥಲ್ಲಿ ಪ್ರಮಾಣವಾಗುತ್ತದೆ. ಇದು ಕೇವಲ ವಿದ್ವತ್ತಿನ ಪ್ರಶ್ನೆಯಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬೀಳಗಿ ತಾಲ್ಲೂಕಿನ ಅನೇಕ ಕುಟುಂಬಗಳು ಭೂಮಿ ಕಳೆದುಕೊಂಡವು. ಅಂಥ ಕುಟುಂಬಕ್ಕೆ ಪರಿಹಾರ ಸಿಗುವುದು ಒಡೆತನ ಸಿದ್ಧವಾದಾಗ. ಒಡೆತನ ಸಿದ್ಧವಾಗುವುದು ಕಾಗದದಿಂದ. ಆ ಕಾಗದದ ಹಾದಿಯನ್ನು ಅನುಸರಿಸಿದರೆ ಭಾಷೆಗಳು ಹಂತ ಹಂತವಾಗಿ ಬದಲಾಗುತ್ತವೆ: ಅಜ್ಜನ ಕಾಲದ ಪತ್ರ ಮೋಡಿಯಲ್ಲಿರಬಹುದು, ತಾಲ್ಲೂಕು ಕಚೇರಿಯ ದಾಖಲೆ ಕನ್ನಡದಲ್ಲಿ, ಪರಿಹಾರದ ಮೊತ್ತದ ವ್ಯಾಜ್ಯ ಉಚ್ಚ ನ್ಯಾಯಾಲಯ ಮುಟ್ಟಿದರೆ, ಸಂವಿಧಾನದ 348ನೆಯ ವಿಧಿಯ ಪ್ರಕಾರ, ಇಂಗ್ಲಿಷಿನಲ್ಲಿ. ಉಚ್ಚ ನ್ಯಾಯಾಲಯದ ಪೀಠ ಧಾರವಾಡಕ್ಕೆ ಬಂದುದರಿಂದ ಕಕ್ಷಿದಾರನಿಗೆ ದೂರ ಕಡಿಮೆಯಾಯಿತು. ಭಾಷೆಯ ಅಂತರ ಹಾಗೆಯೇ ಉಳಿಯಿತು. ರಾಜ್ಯದ ಭಾಷೆ ಕನ್ನಡವೆಂಬ ಹೇಳಿಕೆ ಸತ್ಯವಾಗಿರುವಾಗಲೂ ಆ ರೈತನ ಹಕ್ಕು ಮೂರು ಭಾಷೆಗಳನ್ನು ಎರಡು ಬಾರಿ ದಾಟಬೇಕು, ಆ ದಾಟುವಿಕೆಯಲ್ಲಿ ಆತ ಪ್ರತಿ ಸಲವೂ ಪರರ ಓದನ್ನು ನಂಬಬೇಕು.

6. ಸಮಾರೋಪ

ಮೇಲಿನ ವಿವರಣೆಯಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು ವಿಧಾನಕ್ಕೆ ಸಂಬಂಧಿಸಿದ್ದು. ರಾಷ್ಟ್ರಗಳನ್ನು ಎಣಿಸುವ ಪಟ್ಟಿಯು ಮೆಕ್ಸಿಕೋ ಮತ್ತು ಸ್ಪೇನನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ರಾಜ್ಯವನ್ನು ಘಟಕವಾಗಿ ಹಿಡಿಯುವ ವಿವರಣೆಯು ಬೀಳಗಿ ಮತ್ತು ಬೆಂಗಳೂರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಅಧ್ಯಯನದ ಘಟಕವಾಗಿ ಕಚೇರಿ, ಕಾರ್ಯ ಮತ್ತು ದಾಖಲೆಗಳನ್ನು ಹಿಡಿದರೆ ಸ್ಥಾನಮಾನದ ನಿಜವಾದ ಹಂಚಿಕೆ ಗೋಚರಿಸುತ್ತದೆ. ಸಂಸ್ಥಾನಗಳ ಗಡಿರೇಖೆಗಳ ಮೇಲೆ ಇಂದಿನ ಕಚೇರಿಪದಗಳ ಹರಹನ್ನು ಗುರುತಿಸುವ ಉಪಭಾಷಾ ಸಮೀಕ್ಷೆಯು ಸಂಶೋಧನಾರ್ಥಿಗಳಿಗೆ ಫಲಪ್ರದವಾದ ಕ್ಷೇತ್ರ.

ಎರಡನೆಯದು ನೀತಿಗೆ ಸಂಬಂಧಿಸಿದ್ದು. ಹೊಸ ಭಾಷೆಗೆ ಸ್ಥಾನ ನೀಡುವ ಪ್ರಭುತ್ವವು ಹಳೆಯ ಭಾಷೆಯ ದಾಖಲೆಗಳ ಹೊಣೆಯನ್ನೂ ಹೊರಬೇಕು. ಫಿಲಿಪೀನ್ಸಿನ ಆದೇಶವು ಈ ಹೊಣೆಯನ್ನು ಗುರುತಿಸಿತು, ಆದರೆ ಅದನ್ನು ಹಳೆಯ ಭಾಷೆಯ ಸ್ಥಾನವನ್ನು ವಿಸ್ತರಿಸುವುದರ ಮೂಲಕ ಪೂರೈಸಲು ನೋಡಿತು. ನಮ್ಮಲ್ಲಿ ಅದಕ್ಕಿಂತ ನೇರವಾದ ದಾರಿಯಿದೆ: ಮೋಡಿ ದಾಖಲೆಗಳ ಲಿಪ್ಯಂತರ ಮತ್ತು ಅನುವಾದ, ಆಡಳಿತ ಪದಕೋಶದಲ್ಲಿ ‘ಪಹಣಿ’ಯ ಪಕ್ಕದಲ್ಲಿ ‘ಉತಾರ’ಕ್ಕೂ ಒಂದು ನಮೂದು. ಇವೆರಡೂ ಸ್ವರೂಪ ಯೋಜನೆಯ ಸಣ್ಣ ಕೆಲಸಗಳಂತೆ ಕಂಡರೂ, ಇವುಗಳಿಲ್ಲದೆ 1963ರಲ್ಲಿ ದೊರೆತ ಸ್ಥಾನವು ಶಾಸನದ ಪುಟದಿಂದ ರೈತನ ಕೈಯಲ್ಲಿರುವ ಕಾಗದದವರೆಗೆ ತಲುಪಲಾರದು.